ಹಳೆಯ ಗೀಸರ್ ಬದಲಿಸುವ ಮುನ್ನ

100 ಲೀಟರ್ ನೀರನ್ನು 25ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಸುಮಾರು 4 ಯೂನಿಟ್ ವಿದ್ಯುತ್ ವ್ಯಯವಾಗುತ್ತದೆ. ಆದುದರಿಂದ ಕೆಟ್ಟ ಗೀಸರಿನ ಬದಲಿಗೆ ಸೋಲಾರ್ ವಾಟರ್ ಹೀಟರ್ ಅಳವಡಿಸುವ ಆಲೋಚನೆ ಯುಕ್ತವೇ ಆಗಿದೆ. ಆದರೆ ಬೆಲೆ ವಿಚಾರಿಸುವ ಮೊದಲು ನೀರನ್ನು ಪರೀಕ್ಷಿಸುವುದು ಅವಶ್ಯಕ.

ಕೊಳವೆಬಾವಿಯ ಗಡಸು ನೀರು ಕಾದಾಗ ಸುಣ್ಣದಂತಹ ಲವಣ ಗಟ್ಟಿಯಾಗಿ ಅಂಟುತ್ತದೆ. ಚಪ್ಪಟೆ ಫಲಕದ ಮಾದರಿಯಲ್ಲಿ ತಾಮ್ರದ ಕಿರಿದಾದ ಕೊಳವೆಗಳು ಇದರಿಂದ ಕಟ್ಟಿಕೊಳ್ಳುತ್ತವೆ. ಗಾಜಿನ ನಳಿಕೆಗಳ ಮಾದರಿಯಲ್ಲಿ ನಳಿಕೆಗಳು ಅಗಲವಾಗಿರುವುದರಿಂದ ಅವುಗಳನ್ನು ಬಿಚ್ಚಿ ಶುಚಿಗೊಳಿಸಬಹುದು. ಆದರೆ ಗಾಜು ಒಡೆಯುವ ಅಪಾಯವಿದೆ. ಫಲಕವೇ ಬೇಕೆನ್ನುವವರು ಹೀಟ್ ಎಕ್ಸ್‌ಚೇಂಜರ್ ಇರುವ ಮಾದರಿಯನ್ನು ಆರಿಸಬೇಕು. ಅದರಲ್ಲಿ ಬಳಕೆಯ ನೀರು ಫಲಕದೊಳಗೆ ಹರಿಯುವುದಿಲ್ಲ. ಬೆಲೆ ಮಾತ್ರ ಅಧಿಕ.

ಮೋಡದ ದಿನಗಳಿಗಾಗಿ ತೊಟ್ಟಿಯಲ್ಲಿ ವಿದ್ಯುತ್ ಕಾಯಿಲ್ ಇರಲಿ. ಖರೀದಿಯ ಬೆಲೆಯೊಡನೆ ನಿರ್ವಹಣೆಯ ವೆಚ್ಚವನ್ನೂ ಲೆಕ್ಕಹಾಕಿದವರಿಗೆ ಉಳಿತಾಯ ನಿಶ್ಚಿತ.