‘ಕೀಪ್ ಡೌನ್’ ಅಂದರೆ ಕೆಳಗಿಡುವುದಲ್ಲ!

ಮಗನಿಗೆ ಆಗ ಮೂರು ವರ್ಷ. ರಾತ್ರಿಯಿಡೀ ವಾಂತಿ. ಬೆಳಗಾಗುತ್ತಲೇ ಫಾರ್ಮರ್ಸ್ ಬ್ರಾಂಚ್‌ನ ನಮ್ಮ ಮನೆಯಿಂದ ಮಕ್ಕಳ ಕ್ಲಿನಿಕ್‌ಗೆ ಫೋನ್ ಮಾಡಿದೆ. ನರ್ಸ್ ಕೇಳಿದರು: “ಈಸ್ ಹಿ ಕೀಪಿಂಗ್ ಎನಿಥಿಂಗ್ ಡೌನ್?” ಕೊಟ್ಟಿದ್ದನ್ನು ತಿನ್ನದೆ ಕೆಳಗಿಡುತ್ತಾನಾ ಅಂತ ಕೇಳುತ್ತಿದ್ದಾರೆ ಅಂದುಕೊಂಡು “ಯೆಸ್” ಅಂದೆ. “ಓ, ಗುಡ್!” ಅಂದರು. ಎದೆ ಧಸಕ್ಕೆಂದಿತು. ಮಗು ಏನೂ ತಿನ್ನದಿದ್ದರೆ ಅದು ಹೇಗೆ ಗುಡ್? ಬಿಡಿಸಿ ಕೇಳಿದೆ. ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿದೆಯೇ ಎಂಬುದು ಅವರ ಪ್ರಶ್ನೆ. ನನ್ನ ಉತ್ತರ ಪೂರ್ತಿ ಉಲ್ಟಾ!

ಇಂಗ್ಲಿಷ್‌ನಲ್ಲೇ ಥೀಸಿಸ್ ಬರೆದವಳು ನಾನು. ‘ಕೀಪ್’ ಗೊತ್ತು, ‘ಡೌನ್’ ಗೊತ್ತು. ಎರಡೂ ಜೊತೆಯಾದಾಗ ತಿಳಿಯಲಿಲ್ಲ. ಇಂಥ ಜೋಡಿಗಳೇ ಫ್ರೇಸಲ್ ವರ್ಬ್‌ಗಳು.

ಲ್ಯಾಬಿನ ಬ್ರೆಜಿಲ್ ಗೆಳತಿಗೆ ಹೇಳಿದರೆ, ಅವಳದೂ ಅದೇ ಗೋಳು. ಅವಳ ಪೋರ್ಚುಗೀಸ್‌ನಲ್ಲಿ ‘ಪುಟ್ ಆಫ್’ಗೆ ‘ಅದಿಯಾರ್’, ‘ಗಿವ್ ಅಪ್’ಗೆ ‘ದೆಜಿಸ್ತೀರ್’ ಎಂಬ ಒಂದೊಂದೇ ಪದ. ಹಾಗಾಗಿ ‘ಪುಟ್ ಅಪ್ ವಿತ್’ ಬಿಟ್ಟು, ತನ್ನ ‘ತೊಲೆರಾರ್’ಗೆ ಹತ್ತಿರದ ‘ಟಾಲರೇಟ್’ ಬಳಸುತ್ತಾಳೆ. ಎರಡೂ ಲ್ಯಾಟಿನ್ ಮೂಲದವು. ನಾವು ಶಾಲೆಯ ಪಠ್ಯ, ಆಫೀಸಿನ ಪತ್ರಗಳ ಮೂಲಕ ಅದೇ ಜಾಗಕ್ಕೆ ಬಂದಿದ್ದೇವೆ: ಪೋಸ್ಟ್‌ಪೋನ್, ಟಾಲರೇಟ್, ಡಿಸ್‌ಕಂಟಿನ್ಯೂ. ಡಾಗಟ್ ಮತ್ತು ಲಾಫರ್ ಎಂಬ ಸಂಶೋಧಕರು 1985ರಲ್ಲಿ ಹೀಬ್ರೂ ಮಾತಾಡುವ ವಿದ್ಯಾರ್ಥಿಗಳಲ್ಲೂ ಇದನ್ನೇ ಕಂಡರು. ಅವರು ಒಂಟಿ ಪದವನ್ನೇ ಆರಿಸುತ್ತಿದ್ದರು. ಬಿಡಿ ಅರ್ಥಗಳಿಂದ ಊಹಿಸಲಾಗದ ಜೋಡಿಗಳನ್ನಂತೂ ಹೆಚ್ಚು ದೂರವಿಡುತ್ತಿದ್ದರು.

ಮಾತಾಡುವಾಗ ತಪ್ಪಿಸಿಕೊಳ್ಳಬಹುದು, ಕೇಳಿಸಿಕೊಳ್ಳುವಾಗ ಆಗುವುದಿಲ್ಲ. ‘ಪಾಸ್ ಔಟ್’ ನಮ್ಮಲ್ಲಿ ಕಾಲೇಜು ಮುಗಿಸುವುದು, ಇಲ್ಲಿ ಪ್ರಜ್ಞೆ ತಪ್ಪುವುದು. ಟೀಚರ್ ‘ಆಕ್ಟಿಂಗ್ ಔಟ್’ ಅಂದರೆ ಮಗು ನಾಟಕದಲ್ಲಿ ಮಿಂಚುತ್ತಿದೆ ಅಂತಲ್ಲ, ಹಟ-ರಂಪ ಮಾಡುತ್ತಿದೆ ಅಂತ. ಊರಿಂದ ಬಂದ ಅಜ್ಜ-ಅಜ್ಜಿಯ ಕೈಯಲ್ಲಿ ಮಗುವನ್ನು ಬಿಟ್ಟು ಹೋಗುವಾಗ ‘ಥ್ರೋ ಅಪ್’ (ವಾಂತಿ), ‘ಬ್ರೇಕ್ ಔಟ್’ (ಮೈಮೇಲೆ ದದ್ದು ಏಳುವುದು), ‘ವೇರ್ ಆಫ್’ (ಔಷಧಿಯ ಪ್ರಭಾವ ಇಳಿಯುವುದು) ಹೇಳಿಕೊಟ್ಟು ಹೋಗಿ.

‘ಹೇಳಿಕೊಟ್ಟು’ ಅಂದೆನಲ್ಲ, ನಮ್ಮಲ್ಲೂ ಜೋಡಿಗಳಿವೆ! ‘ಹೇಳು’ ಬೇರೆ, ‘ಹೇಳಿಕೊಡು’ ಬೇರೆ. ‘ತಿನ್ನು’ ಬೇರೆ, ‘ತಿಂದುಬಿಡು’ ಬೇರೆ. ಮೊನ್ನೆ ಅಡುಗೆಮನೆಯಿಂದ “ತಂಗೀನ ನೋಡ್ಕೋ” ಅಂತ ಕೂಗಿದೆ. ಈಗ ಏಳು ವರ್ಷದ ಮಗರಾಯ ಅವಳನ್ನೇ ದಿಟ್ಟಿಸುತ್ತಾ ಕೂತಿದ್ದ. ಅವಳು ಅವನೆದುರೇ ನೀರಿನ ಲೋಟ ಉರುಳಿಸಿದ್ದಳು. ಬೈಯಲು ಹೊರಟವಳಿಗೆ ನರ್ಸ್ ನೆನಪಾದರು. ಅವನಿಗೆ ‘ನೋಡು’ ಗೊತ್ತು, ‘ನೋಡಿಕೋ’ ಗೊತ್ತಿಲ್ಲ. “ನೋಡ್ಕೋ ಅಂದ್ರೆ ಲುಕ್ ಆಫ್ಟರ್ ಕಣೋ” ಅಂದೆ. “ಓ!” ಅಂದ. ಒಂದೇ ಏಟಿಗೆ ಅರ್ಥವಾಯಿತು.

ಅಂದಿನಿಂದ ರಾತ್ರಿ ಊಟದ ಹೊತ್ತಿಗೆ ನಮ್ಮದೊಂದು ಕೊಡು-ಕೊಳ್ಳು. ಅವನು ಶಾಲೆಯಲ್ಲಿ ಕೇಳಿದ ಒಂದು ಜೋಡಿ ನನಗೆ, ನಾನೊಂದು ಕನ್ನಡದ ಜೋಡಿ ಅವನಿಗೆ. ಪಟ್ಟಿ ಬಾಯಿಪಾಠ ಇಲ್ಲ. ಯಾರು, ಯಾವಾಗ ಅಂದರು ಎಂಬ ಪ್ರಸಂಗದ ಸಮೇತ ಹೇಳಬೇಕು. ನೀವೂ ಮಾಡಿ ನೋಡಿ. ಮತ್ತೆ ಫೋನಿನಲ್ಲಿ ಅನುಮಾನ ಬಂದರೆ ‘ಯೆಸ್’ ಅನ್ನಬೇಡಿ; ನೀವು ಕಂಡದ್ದನ್ನು ಪೂರ್ತಿ ವಾಕ್ಯದಲ್ಲಿ ಹೇಳಿ. ಅಂದು ನಾನು “ಕುಡಿದ ನೀರನ್ನೂ ಕಕ್ಕುತ್ತಿದ್ದಾನೆ” ಅಂದ ಮೇಲೆಯೇ ನರ್ಸ್ “ಈಗಲೇ ಕರೆತನ್ನಿ” ಅಂದದ್ದು.