'ಆನು' ಅಂದವರು ಯಾಕೆ ಸುಮ್ಮನಾದರು? ಗಡಿನಾಡ ಓದುಕೂಟವೊಂದರ ಮಾತು ಮತ್ತು ಮೌನ

 

ನಾನು ಹೇಳಹೊರಟಿರುವುದು ನಾವು ಕೆಲವರು ವಾಟ್ಸ್ಆ್ಯಪ್‌ನಲ್ಲಿ ನಡೆಸುವ ಸಣ್ಣ ಓದುಕೂಟದ ಬಗ್ಗೆ. ಕಾಸರಗೋಡು, ತಾಳವಾಡಿ, ಅಕ್ಕಲಕೋಟೆ, ಮಡಕಶಿರಾ ಕಡೆಯವರು ಇದ್ದೇವೆ. ವಾರಕ್ಕೊಂದು ಕಥೆ ಓದಿ ಮಾತಾಡಬೇಕು, ಅಷ್ಟೇ. ಆದರೆ ಮೊದಮೊದಲು ಮಾತಾಡಿದ್ದು ಕನ್ನಡ ಎಂ.ಎ. ಓದುವ ನಾವು ಮೂರ್ನಾಲ್ಕು ಮಂದಿ ಮಾತ್ರ. ಉಳಿದವರಿಗೆ ಆಸಕ್ತಿ ಇಲ್ಲ ಅಂತ ನಾನು ತೀರ್ಮಾನಿಸಿಬಿಟ್ಟಿದ್ದೆ. ಅದು ತಪ್ಪು. ಅವರ ಮೌನದಲ್ಲಿ ನನ್ನ ಪಾಲೂ ಇತ್ತು.

ಕಾಸರಗೋಡಿನ ಒಬ್ಬರು ತಮ್ಮ ಹವ್ಯಕ ಕನ್ನಡದಲ್ಲಿ 'ಆನು ಓದಿದೆ' ಅಂತ ಬರೆದರು. ನಾನು ಎಲ್ಲರೆದುರೇ 'ನಾನು' ಎಂದು ತಿದ್ದಿದೆ. ಅವರು ಮತ್ತೆ ಬರೆಯಲಿಲ್ಲ. ಹಳಗನ್ನಡದ ತರಗತಿಯಲ್ಲಿ 'ಆನ್ ಎಂದರೆ ನಾನು' ಅಂತ ಟಿಪ್ಪಣಿ ಮಾಡಿಕೊಂಡದ್ದೂ ನಾನೇ! ಪುಸ್ತಕದಲ್ಲಿ ಕಂಡರೆ ಹಳಗನ್ನಡ, ಬಾಯಲ್ಲಿ ಕೇಳಿದರೆ ತಪ್ಪು ಕನ್ನಡ. ತಿದ್ದಿದ್ದು ಎಲ್ಲರೆದುರು ತಾನೇ, ಹಾಗಾಗಿ ಕ್ಷಮೆಯನ್ನೂ ಕೂಟದಲ್ಲೇ ಕೇಳಿದೆ.

ಇನ್ನೊಂದು ತಡೆ, 'ಕನ್ನಡ ಲಿಪಿಯಲ್ಲೇ ಬರೆಯಬೇಕು' ಎಂಬ ನಮ್ಮ ನಿಯಮ. ಅಕ್ಕಲಕೋಟೆಯ ಗೆಳೆಯರಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಆಡುವ ಭಾಷೆ ಇದೆ, ಅಕ್ಷರ ಇಲ್ಲ. ನಿಯಮ ಕೈಬಿಟ್ಟೆವು, ದೇವನಾಗರಿಯಲ್ಲಿ, ತಮಿಳಿನಲ್ಲಿ, ಯಾವುದರಲ್ಲಾದರೂ ಬರೆಯಿರಿ ಅಂದೆವು. ತೊಡಕೂ ಬಂತು. ಮರಾಠಿ ಬರವಣಿಗೆಯಲ್ಲಿ ಎಕಾರ-ಏಕಾರದ ಭೇದ ಇಲ್ಲವಲ್ಲ, 'ಕೆರಿ ಕಡೆ ಹೋಗಿದ್ವಿ' ಅಂತ ಬಂದರೆ ಅದು ನೀರಿನ ಕೆರೆಯೋ ಮನೆಗಳ ಕೇರಿಯೋ ಗೊತ್ತಾಗದು. ತಮಿಳು ಲಿಪಿಯಲ್ಲಿ ಗಾಳಿಯೂ ಕಾಳಿಯೂ ಒಂದೇ. ಈ ಗೊಂದಲದಿಂದಲೇ ಧ್ವನಿ ಸಂದೇಶ ಶುರುವಾಯಿತು, ಅದರ ಹಿಂದೆ ಮಾತೂ ಬಂತು. ಮಡಕಶಿರಾದವರಿಗೆ ಇಷ್ಟು ಕಷ್ಟವಿರಲಿಲ್ಲ. ತೆಲುಗು ಅಕ್ಷರ ಬಲ್ಲವರಿಗೆ ನಮ್ಮ ಅಕ್ಷರ ದೂರವಲ್ಲ.

ಪ್ರಶ್ನೆ ಕೇಳುವ ರೀತಿಯನ್ನೂ ಬದಲಿಸಬೇಕಾಯ್ತು. 'ಕಥೆಯ ಆಶಯವೇನು?' ಅಂದರೆ ಹೆಬ್ಬೆರಳಿನ ಚಿತ್ರ ಬರುತ್ತಿತ್ತು. 'ಈ ಮಾತನ್ನ ನಿಮ್ಮ ಅಜ್ಜಿ ಹೇಗೆ ಹೇಳ್ತಾರೆ?' ಅಂತ ಕೇಳಿದ ಮೇಲೆ ಉತ್ತರಗಳು ಬಂದವು. ಅಲ್ಲಿ ಎಂ.ಎ. ಓದಿದವರಿಗೆ ಮೇಲುಗೈ ಇಲ್ಲ ನೋಡಿ. ಕಥೆಯ ಚರ್ಚೆ ಅಲ್ಲಿಂದಲೇ ಬೆಳೆಯಿತು.

ಮುಕ್ತತೆ ಅಂದಾಗ ಒಂದು ಎಚ್ಚರವೂ ಬೇಕು. ಒಬ್ಬರ ಧ್ವನಿ ಸಂದೇಶ ಹೊರಗಿನ ಗುಂಪಿಗೆ ಹೋಗಿ 'ಇದ್ಯಾವ ಕನ್ನಡ' ಎಂದು ನಗೆಗೀಡಾಯಿತು. ಕೇಳದೆ ಫಾರ್ವರ್ಡ್ ಮಾಡಬಾರದು, ಈಗ ನಮ್ಮಲ್ಲಿ ಉಳಿದಿರುವ ನಿಯಮ ಇದೊಂದೇ.

'ಆನು' ಅಂದವರು ಕೂಟದಲ್ಲೇ ಇದ್ದಾರೆ. ಕಳೆದ ತಿಂಗಳು ಕಥೆಯೊಂದರ ಬಗ್ಗೆ ನನಗೊಬ್ಬರಿಗೇ ಬರೆದರು, ಅವರ ಕನ್ನಡದಲ್ಲೇ. ಎಲ್ಲರಿಗೂ ಹಾಕಬಹುದೇ ಅಂತ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.