ಹಾರುವ ಬೈಕು: ಹತ್ತು ಲಕ್ಷ ಡಾಲರ್ ಯಾರಿಗೂ ದಕ್ಕಲಿಲ್ಲ!

ಇದ್ದಲ್ಲಿಂದಲೇ ಹೆಚ್ಚುಕಡಿಮೆ ನೆಟ್ಟಗೆ ಮೇಲೇಳಬೇಕು. ಒಬ್ಬ ಆಳನ್ನು ಹೊತ್ತು 20 ಮೈಲಿ ಹಾರಬೇಕು. ಯಾವ ಕಡೆಯಿಂದ ಅಳೆದರೂ ಯಂತ್ರ ಎಂಟೂವರೆ ಅಡಿ ದಾಟಕೂಡದು. 50 ಅಡಿ ದೂರದಲ್ಲಿ ಸದ್ದು 87 ಡೆಸಿಬೆಲ್ ಮೀರಕೂಡದು. ಗೆದ್ದವರಿಗೆ 10 ಲಕ್ಷ ಡಾಲರ್!

ಬೋಯಿಂಗ್ ಕಂಪನಿಯ ಬೆಂಬಲದಿಂದ 2017ರಲ್ಲಿ ಅಮೆರಿಕದಲ್ಲಿ ಶುರುವಾದ 'ಗೋಫ್ಲೈ' ಪಂದ್ಯದ ಷರತ್ತುಗಳಿವು. ಕಣಕ್ಕಿಳಿದವರಲ್ಲಿ ಹಾಲೆಂಡಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಇದ್ದರು. ತಂಡದ ಹೆಸರು 'ಸಿಲ್ವರ್‌ವಿಂಗ್'. ಸೌರಶಕ್ತಿಯ ಕಾರು ಕಟ್ಟೋದಕ್ಕೆ ಅಂತ ವರ್ಷದ ಮಟ್ಟಿಗೆ ಪಾಠ ಬದಿಗಿಡುವ ವಿದ್ಯಾರ್ಥಿಗಳಿರೋ ಊರು ಅದು. ನಮ್ಮಲ್ಲಿ ಪಾಠ ಬಿಟ್ಟವನಿಗೆ ಎಂಥ ಮರ್ಯಾದೆ ಸಿಗುತ್ತೆ ಅಂತ ಪಿ.ಯು.ಸಿ. ಅರ್ಧಕ್ಕೇ ಬಿಟ್ಟ ನನಗೆ ಗೊತ್ತು, ಇರಲಿ.

ಇವರ ಯಂತ್ರದ ಹೆಸರು 'ಎಸ್-1'. ಮೋಟಾರ್ ಬೈಕಿನ ಮೇಲೆ ಕೂತ ಹಾಗೆ ಕೂರೋದು. ಎರಡು ಕರೆಂಟಿನ ಮೋಟಾರು, ಬಳೆಯೊಳಗೆ ತಿರುಗುವ ಎರಡು ಫ್ಯಾನು. ಬಾಲದ ಮೇಲೆ ನಿಂತು ನೆಟ್ಟಗೆ ಏಳುತ್ತೆ. ಮೇಲೆ ಹೋದಮೇಲೆ ಮಗ್ಗುಲು ಬದಲಿಸಿ ವಿಮಾನದ ಹಾಗೆ ಅಡ್ಡಡ್ಡ ಓಡುತ್ತೆ.

ಈ ಕಸರತ್ತು ಯಾಕಪ್ಪಾ ಅಂದರೆ, ಬ್ಯಾಟರಿಯ ಬಡತನ. ಕಿಲೋ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್ ಶಕ್ತಿ ಇರುತ್ತೆ. ಎಂಜಿನ್ನು ಅದರಲ್ಲಿ ಮುಕ್ಕಾಲು ಪಾಲು ಹಾಳುಮಾಡಿದರೂ ಮೂರು ಉಳಿಯಿತು. ಕಿಲೋ ಲಿಥಿಯಂ ಬ್ಯಾಟರಿಯಲ್ಲಿ ಇರೋದೇ ಕಾಲು ಯೂನಿಟ್ಟು! ಗಾಳಿಯಲ್ಲಿ ನಿಂತಲ್ಲೇ ನಿಲ್ಲೋದಕ್ಕೆ ವಿಪರೀತ ಶಕ್ತಿ ಬೇಕು. ರೆಕ್ಕೆ ಗಾಳಿಯನ್ನು ಹಿಡಿದ ಮೇಲೆ ಖರ್ಚು ಎಷ್ಟೋ ಇಳಿಯುತ್ತೆ. ಹಾಗಾಗಿ ಬೇಗ ಏಳು, ಬೇಗ ಮಲಗು ಅನ್ನೋ ಲೆಕ್ಕಾಚಾರ.

ಆದರೆ ಎಂಟೂವರೆ ಅಡಿಯ ಷರತ್ತೇ ಕುತ್ತಿಗೆಗೆ ಬಂತು ಅನ್ನೋದು ನನ್ನ ಅನಿಸಿಕೆ. ದೊಡ್ಡ ಫ್ಯಾನು ಬೇಕಾದಷ್ಟು ಗಾಳಿಯನ್ನು ಮೆಲ್ಲಗೆ ತಳ್ಳಿ ಭಾರ ಎತ್ತುತ್ತೆ. ಚಿಕ್ಕ ಫ್ಯಾನು ಸ್ವಲ್ಪ ಗಾಳಿಯನ್ನೇ ಜೋರಾಗಿ ತಳ್ಳಬೇಕು. ಬ್ಯಾಟರಿ ಬೇಗ ಖಾಲಿ, ಕಿರುಚಾಟ ಬೇರೆ. ಚಿಕ್ಕದಾಗಿರು, ಸುಮ್ಮನಿರು, ದೂರವೂ ಹೋಗು ಅಂದರೆ ಹೇಗೆ ಸ್ವಾಮಿ?

ಆದರೂ ವಿದ್ಯಾರ್ಥಿಗಳು ಸುಮ್ಮನೆ ಕೂತವರಲ್ಲ. 2018ರಲ್ಲಿ ನಕ್ಷೆಯ ಸುತ್ತಿನಲ್ಲಿ ಗೆದ್ದ ಹತ್ತು ತಂಡಗಳಲ್ಲಿ ಇವರೂ ಒಬ್ಬರು. 20 ಸಾವಿರ ಡಾಲರ್ ಬಂತು. 2019ರ ಎರಡನೇ ಸುತ್ತಿನಲ್ಲೂ ಗೆದ್ದು 50 ಸಾವಿರ ಡಾಲರ್ ಪಡೆದರು.

ಕೊನೆಯ ಹಾರಾಟ 2020ರ ಫೆಬ್ರವರಿ ಕೊನೆಯಲ್ಲಿ, ಕ್ಯಾಲಿಫೋರ್ನಿಯಾದ ಮೊಫೆಟ್ ಫೀಲ್ಡ್‌ನಲ್ಲಿ. ಜಪಾನಿನ 'ಟೆಟ್ರಾ' ತಂಡ 1 ಲಕ್ಷ ಡಾಲರಿನ ಬೇರೊಂದು ಬಹುಮಾನ ಪಡೆಯಿತು. ದೊಡ್ಡ ಬಹುಮಾನದ ಷರತ್ತುಗಳನ್ನು ಒಂದು ತಂಡವೂ ಪೂರೈಸಲಿಲ್ಲ. 10 ಲಕ್ಷದ ಗಂಟು ಬಿಚ್ಚಲೇ ಇಲ್ಲ.